ಎರಡನೆಯ ಬೇನೆ

ಶರ್ವರಿಗೆ ಎಂಟು ತಿಂಗಳು ತುಂಬುವ ಹೊತ್ತಿಗೆ ಅವಳು ಆ ತೊಟ್ಟಿಯನ್ನು ಮೊದಲ ಸಲ ನೋಡಿದಳು. ಸೈನಿಕಪುರಿಯ ಒಂದು ಒಳರಸ್ತೆಯಲ್ಲಿ ಹಳೆಯ ಬಂಗಲೆಯೊಂದನ್ನು ಹೆರಿಗೆ ಕೇಂದ್ರ ಮಾಡಿದ್ದರು. ಹಿಂಭಾಗದ ಕೋಣೆಯಲ್ಲಿ ತಿಳಿನೀಲಿ ಹಂಚು ಹಾಕಿದ ಆಳವಾದ ತೊಟ್ಟಿ, ಮೂರು ಜನ ಆರಾಮಾಗಿ ಕೂರುವಷ್ಟು ಅಗಲ. ನೋವು ಬಂದ ಹೆಂಗಸರು ಬೆಚ್ಚನೆಯ ನೀರಿನಲ್ಲಿ ಕೂತು ಅಲ್ಲೇ ಹೆರುತ್ತಿದ್ದರು.

ಈ ಆಸೆ ಅವಳಿಗೆ ಸುಮ್ಮನೆ ಹುಟ್ಟಿದ್ದಲ್ಲ. ಎರಡು ವರ್ಷದ ಹಿಂದೆ ಅಕ್ಕ ಸುಮಂಗಲಾಳ ಹೆರಿಗೆಗೆಂದು ಕಲಬುರಗಿಗೆ ಹೋದಾಗ, ಆಸ್ಪತ್ರೆಯ ಒಳಕೋಣೆಯಲ್ಲಿ ಆಯಾ ಅಕ್ಕನನ್ನು ಬೈದು ತೊಡೆಗೆ ಹೊಡೆದ ಸದ್ದು ಹೊರಗಿನ ಬೆಂಚಿನ ತನಕ ಕೇಳಿಸಿತ್ತು. ಅಕ್ಕ ಆ ದಿನದ ಮಾತನ್ನು ಇವತ್ತಿಗೂ ಎತ್ತುವುದಿಲ್ಲ. ತನಗೆ ಹಾಗಾಗಬಾರದು ಎಂದು ಶರ್ವರಿ ಆಗಲೇ ನಿಶ್ಚಯಿಸಿಕೊಂಡಿದ್ದಳು. ಅಬಿಡ್ಸ್ ಅಂಚೆ ಕಚೇರಿಯಲ್ಲಿ ಅವಳ ಪಕ್ಕದ ಕೌಂಟರಿನ ಸೌಂದರ್ಯಾ ಇದೇ ಕೇಂದ್ರದಲ್ಲಿ, ಇದೇ ತೊಟ್ಟಿಯಲ್ಲಿ ಹೆತ್ತಿದ್ದಳು.

“ನೋವು ಇರ್ತೈತಿ ಅಕ್ಕಾ, ಸುಳ್ಳ ಯಾಕ ಹೇಳ್ಲಿ,” ಎಂದಿದ್ದಳು ಅವಳು. “ಆದ್ರ ಅಲ್ಲಿ ಯಾರೂ ನಮ್ಮನ್ನ ಒತ್ತಿ ಹಿಡಿಯಂಗಿಲ್ಲ. ನೀರs ಹಿಡೀತೈತಿ.”

ಶರ್ವರಿಯ ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹಾಗಾಗಿ ಚೊಚ್ಚಲ ಹೆರಿಗೆಯಾದರೂ ತವರಿಗೆ ಹೋಗದೆ ಮಲ್ಕಾಜ್‌ಗಿರಿಯ ಗಂಡನ ಮನೆಯಲ್ಲೇ ಉಳಿದಿದ್ದಳು. ಗಂಡ ಮಿಲಿಂದ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದ. ಆ ದಿನ ಅವನಿಗೆ ರಜೆ ಸಿಗದೆ, ಅತ್ತೆ ಕೃಷ್ಣಾಬಾಯಿ ಅವಳ ಜೊತೆ ಬಂದಿದ್ದರು.

ಸೂಲಗಿತ್ತಿ ಶಾಮಲಾ ತೋರಿಸುವುದಕ್ಕೆಂದು ತೊಟ್ಟಿಗೆ ಅರ್ಧ ನೀರು ಬಿಟ್ಟಿದ್ದಳು. ನಲವತ್ತರ ಹೆಂಗಸು, ನಿಧಾನದ ತೆಲುಗು. ನೋವು ತಿನ್ನುವಾಗ ಬೆಚ್ಚನೆಯ ನೀರು ಒಳ್ಳೆಯದು, ಆದರೆ ಕೂಸು ನೀರಿನಲ್ಲೇ ಹುಟ್ಟುವುದರ ಬಗ್ಗೆ ಡಾಕ್ಟರುಗಳಲ್ಲೇ ಎರಡು ಅಭಿಪ್ರಾಯವಿದೆ ಎಂದು ಅವಳು ಮುಚ್ಚಿಡದೆ ಹೇಳಿದಳು. ಯಾರಿಗೆ ಮಾಡುವುದಿಲ್ಲ ಎಂಬುದನ್ನೂ ಹೇಳಿದಳು: ರಕ್ತದೊತ್ತಡ ಇದ್ದವರಿಗೆ, ಮೊದಲು ಸಿಜೇರಿಯನ್ ಆದವರಿಗೆ, ಅವಳಿ ಇದ್ದವರಿಗೆ.

“ಕೈ ಹಾಕಿ ನೋಡಮ್ಮ,” ಎಂದಳು.

ಶರ್ವರಿ ಕಷ್ಟಪಟ್ಟು ಮಂಡಿಯೂರಿ, ಮೊಣಕೈ ತನಕ ನೀರಿಗಿಟ್ಟಳು. ಆಟೋ ಹತ್ತಿದಾಗಿನಿಂದ ಒದೆಯುತ್ತಲೇ ಇದ್ದ ಕೂಸು ತಟ್ಟನೆ ನಿಂತಿತು. ನಿದ್ದೆಗೆ ಜಾರುವಾಗ ಅದು ನಿಧಾನಕ್ಕೆ ಸುಮ್ಮನಾಗುವುದು ಅವಳಿಗೆ ಗೊತ್ತಿತ್ತು. ಇದು ಹಾಗಿರಲಿಲ್ಲ. ಯಾರೋ ಹೆಸರು ಹಿಡಿದು ಕರೆದಾಗ ನಡೆಯುವವರು ನಿಲ್ಲುತ್ತಾರಲ್ಲ, ಹಾಗಿತ್ತು.

“ಶರ್ವರಿ, ಕೈ ತೆಗಿ.”

ಕೃಷ್ಣಾಬಾಯಿ ಹೊಸ್ತಿಲ ಆಚೆಯೇ ನಿಂತಿದ್ದರು. ಒಳಗೆ ಕಾಲಿಟ್ಟಿರಲೇ ಇಲ್ಲ. ಶರ್ವರಿ ಕೈ ತೆಗೆದಳು. ಪಕ್ಕೆಗೆ ಬಲವಾಗಿ ಒಂದು ಒದೆ ಬಿತ್ತು.

ಎರಡು ದಿನದ ಮೇಲೆ, ಊಟದ ಹೊತ್ತಿಗೆ, ಶಾಮಲಾ ಅಂಚೆ ಕಚೇರಿಗೆ ಫೋನ್ ಮಾಡಿದಳು.

“ನಿನ್ನ ಸ್ಕ್ಯಾನ್ ರಿಪೋರ್ಟಿನಲ್ಲಿ ಒಂದೇ ಅಂತಿದೆಯಮ್ಮ. ಬೇರೆ ಸ್ಕ್ಯಾನ್ ಏನಾದರೂ ಮಾಡಿಸಿದ್ದೀಯಾ?”

“ಇಲ್ಲವಲ್ಲ. ಒಂದೇ. ಯಾಕೆ?”

“ಹೋಗುವಾಗ ನಿನ್ನ ಅತ್ತೆ ನನಗೆ ಎರಡು ಬೆರಳು ತೋರಿಸಿದರು. ಇಬ್ಬರಿದ್ದಾರೆ, ನೀವು ನೋಡಿಲ್ಲ ಅಂದರು.”

ಸಂಜೆ ಮನೆಗೆ ಬಂದಾಗ ಕೃಷ್ಣಾಬಾಯಿ ಅಡುಗೆಮನೆಯ ನೆಲದಲ್ಲಿ ಕೂತು ಮೆಂತ್ಯೆಸೊಪ್ಪು ಬಿಡಿಸುತ್ತಿದ್ದರು. ಶರ್ವರಿ ಚಪ್ಪಲಿ ಬಿಟ್ಟವಳೇ ನೇರವಾಗಿ ಕೇಳಿದಳು. ಅತ್ತೆ ತಲೆ ಎತ್ತಲಿಲ್ಲ. ಸೊಪ್ಪಿನ ಕಡ್ಡಿ ಮುರಿಯುತ್ತಲೇ ಮಾತು ತೆಗೆದರು.

“ಮಿಲಿಂದ ಹುಟ್ಟಿದ್ದು ನೀರಾಗ,” ಎಂದರು. “ಈ ಮಾತು ಅವಗೂ ಪೂರ್ತಿ ಗೊತ್ತಿಲ್ಲ. ಆವಾಗ ನಾವು ಕೆರಿ ಬಾಜೂಕ ಬಾಡಿಗಿ ಮನ್ಯಾಗ ಇದ್ವಿ. ನಿಮ್ಮ ಮಾವ ಡ್ಯೂಟಿ ಮ್ಯಾಲ ಕಾಜೀಪೇಟಕ್ಕ ಹೋಗಿದ್ರು. ಮೂರು ದಿನದ ಮಳಿ. ಕೆರಿ ಒಡ್ಡು ಒಡೀತು. ಮೊದಲ ಪಾದ ಮುಳುಗಿದ್ವು, ಆಮ್ಯಾಲ ಮೊಣಕಾಲು. ಮಂಚದ ಮ್ಯಾಲ ಕೂತೆ, ಮಂಚಾನೂ ಮುಳುಗ್ತು. ಮಧ್ಯಾಹ್ನ ಮೂರಕ್ಕ ಮನ್ಯಾಗ ಕತ್ತಲಿ. ಹಿಂದಿನ ಓಣಿ ತುಳಸಾಬಾಯಿ ಸೊಂಟದ ತನಕಾ ನೀರಾಗ ನಡಕೋತ ಬಂದ್ಲು. ನೀರಿನ್ಯಾಗಿಂದ ಮಿಲಿಂದನ್ನ ಎತ್ತಿ ಎದಿ ಮ್ಯಾಲ ಇಟ್ಲು. ಛಲೋ ಅತ್ತ. ಆಮ್ಯಾಲ ನನಗ ಇನ್ನೊಂದು ಬ್ಯಾನಿ ಬಂತು.”

“ಕೂಸಿನ ಹಿಂದ ಮಾಸ ಬೀಳೋ ಬ್ಯಾನಿ ಇರಬೇಕಲ್ರೀ ಅತ್ಯಾ.”

“ಮಾಸಕ್ಕ ಕಾಲಿರ್ತಾವೇನು? ನನ್ನ ತೊಡಿಗೆ ಹಿಮ್ಮಡ ತಾಗ್ತು, ಶರ್ವರಿ. ಸಣ್ಣ ಹಿಮ್ಮಡ. ಒಮ್ಮೆ ಒದ್ದು ಹೋತು.”

ತುಳಸಾಬಾಯಿ ನೀರಿನಲ್ಲಿ ಕೈಯಾಡಿಸಿ ಮಾಸವನ್ನಷ್ಟೇ ಮೇಲೆತ್ತಿದ್ದಳು. ಒಂದೇ ಕೂಸು ಕೃಷ್ಣಾಬಾಯಿ, ನಿತ್ರಾಣಕ್ಕೆ ನಿಮಗೆ ಹಾಗನಿಸಿದೆ ಎಂದಿದ್ದಳು. ನೀರು ಇಳಿದ ಮೇಲೆ ಹಸಿಬಾಣಂತಿ ಕೃಷ್ಣಾಬಾಯಿ ಮೂರು ದಿನ ಮನೆಯ ಕೆಸರನ್ನು ಕೈಯಿಂದ ಕೆದಕಿದ್ದರು. ಪಾತ್ರೆ ಸಿಕ್ಕವು, ಹಣಿಗೆ ಸಿಕ್ಕಿತು. ಗಂಡ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ನಿದ್ದೆಯ ಗುಳಿಗೆ ಕೊಟ್ಟರು.

“ನಾನೂ ಬಿಟ್ಟುಬಿಟ್ಟಿದ್ದೆ,” ಎಂದರು. “ಮೂವತ್ತೆರಡು ವರ್ಷ ಆತು. ಮೊನ್ನೆ ನೀ ಕೈ ಹಾಕಿದ್ಯಲ್ಲ, ತೊಟ್ಟೀ ಆ ತುದೀಗೆ ಒಂದು ಸಣ್ಣ ತೆರಿ ಎದ್ದು ನಿನ್ನ ಕಡೆ ಬಂತು. ನಿನ್ನ ಕೈಯಿಂದ ಹೋಗಿದ್ದಲ್ಲ. ನಿನ್ನ ಕೈ ಕಡೆ ಬಂದಿದ್ದು.”

ಮಿಲಿಂದ ಬಂದ ಮೇಲೆ ಶರ್ವರಿ ಇದನ್ನೆಲ್ಲ ಹೇಳಿದಳು. ಅವನು ನಗುತ್ತಾನೆ ಎಂದುಕೊಂಡಿದ್ದಳು. ನಕ್ಕ, ನಿಜ. ಆದರೆ ನಗು ಬೇಗ ಮುಗಿಯಿತು.

“ನೀವ್ಯಾಕ ಯಾವಾಗಲೂ ಅರ್ಧಾ ಬಕೆಟ್ ನೀರು ಬಿಟ್ಟು ಬರ್ತೀರಿ?” ಎಂದು ಅವಳು ಕೇಳಿದಳು. ಮದುವೆಯಾದಾಗಿನಿಂದ ನೋಡಿದ್ದಳು. ಎಷ್ಟೇ ತಡವಾಗಲಿ, ಎಷ್ಟೇ ಸೆಖೆಯಿರಲಿ, ಅವನ ಸ್ನಾನ ಅರ್ಧ ಬಕೆಟ್ಟಿಗೆ ಮುಗಿಯುತ್ತಿತ್ತು. ನೀರು ಉಳಿಸುವ ರೂಢಿ ಎಂದುಕೊಂಡಿದ್ದಳು.

ಅವನು ಅಂಗಿಯ ಗುಂಡಿ ಬಿಚ್ಚುತ್ತಿದ್ದವನು ನಿಂತ. “ಗೊತ್ತಿಲ್ಲ. ಪೂರ್ತಿ ಖಾಲಿ ಮಾಡಿದ್ರ ಯಾರಿಗೋ ಉಳೀಲಿಲ್ಲ ಅನಸ್ತದ. ಸಣ್ಣಾಂವಿದ್ದಾಗಿಂದ ಹಂಗs ಅದ.”

ಮರುದಿನದಿಂದ ಶರ್ವರಿ ಪರೀಕ್ಷೆ ಮಾಡಿ ನೋಡತೊಡಗಿದಳು. ಬಚ್ಚಲಲ್ಲಿ ಕೂತು ಬಕೆಟ್ಟಿನಲ್ಲಿ ಕೈ ಇಟ್ಟರೆ ಕೂಸು ನಿಲ್ಲುತ್ತಿತ್ತು, ತೆಗೆದರೆ ಹೊರಳುತ್ತಿತ್ತು. ತಣ್ಣೀರಾದರೂ ಅಷ್ಟೇ, ಬಿಸಿನೀರಾದರೂ ಅಷ್ಟೇ. ಅವಳನ್ನು ಮೊದಲಿನಿಂದ ನೋಡುತ್ತಿದ್ದ ಡಾಕ್ಟರ್ ಮಾನಸಾ ಮತ್ತೆ ಸ್ಕ್ಯಾನ್ ಮಾಡಿದರು. ಒಂದೇ ಕೂಸು, ತಲೆ ಕೆಳಗಿದೆ, ಗುಂಡಿಗೆ ಚೆನ್ನಾಗಿ ಬಡಿಯುತ್ತಿದೆ. “ನೀರು ಮುಟ್ಟಿದಾಗ ನಿನ್ನ ಮೈ ಸಡಿಲಾಗುತ್ತೆ, ಕೂಸೂ ಸುಮ್ಮನಾಗುತ್ತೆ. ಅದರಲ್ಲೇನಿದೆ?” ಎಂದು ನಕ್ಕರು. ಶರ್ವರಿ ಅದನ್ನು ನಂಬಲು ಮನಸ್ಸು ಮಾಡಿದಳು. ನಾಲ್ಕು ದಿನ ನಂಬಿಯೂ ಇದ್ದಳು. ಯಾರದೋ ಹಳೆಯ ಸಂಕಟಕ್ಕೆ ತನ್ನ ಹೆರಿಗೆಯನ್ನು ಯಾಕೆ ಬಿಟ್ಟುಕೊಡಬೇಕು ಎಂದು ಅವಳಿಗೆ ಸಿಟ್ಟೂ ಬಂದಿತ್ತು. ಶುಕ್ರವಾರ ಕೇಂದ್ರದಲ್ಲಿ ನೀರಿನ ಹೆರಿಗೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಅತ್ತೆ ಬೇಡವೆನ್ನುತ್ತಾರೆ, ತಾನು ಹಟ ಹಿಡಿಯಬೇಕಾಗುತ್ತದೆ ಎಂದು ಮಾತುಗಳನ್ನೂ ಸಿದ್ಧ ಮಾಡಿಕೊಂಡಿದ್ದಳು.

ಗುರುವಾರ ಮುಂಜಾನೆ ಕೃಷ್ಣಾಬಾಯಿ ತಾವಾಗಿಯೇ ಬಂದು ಅವಳ ಪಕ್ಕ ಕೂತರು. ಮೈ ತೊಳೆದುಕೊಂಡು, ಹೆರಳು ಹಾಕಿಕೊಂಡು, ಹಬ್ಬದ ದಿನದ ಹಾಗೆ ಕಾಣುತ್ತಿದ್ದರು.

“ನಾ ವಿಚಾರ ಮಾಡಿದೆ. ನೀ ನೀರಾಗs ಹಡಿ.”

ಶರ್ವರಿ ಅವರ ಕಡೆ ಹೊರಳಿದಳು.

“ನಾ ಬಾಜೂಕ ಕೂಡ್ತೀನಿ. ತೊಟ್ಟೀ ಆ ತುದೀಗೆ. ನೀ ನಿಂದು ನೋಡ್ಕೋ, ನಾ ನೀರು ನೋಡ್ತೀನಿ.” ಮಡಿಲಿನಿಂದ ಕೂಸಿನ ತಲೆಗೆ ಕಟ್ಟುವ ಕುಂಚಿಗೆ ತೆಗೆದು ಹಾಸಿಗೆಯ ಮೇಲಿಟ್ಟರು. ಇಳಕಲ್ ಸೀರೆಯ ತುಂಡಿನಿಂದ ಹೊಲಿದದ್ದು, ಅಂಚಿಗೆ ಜರಿ. ಅದರ ಪಕ್ಕಕ್ಕೆ ಅಂಥದ್ದೇ ಇನ್ನೊಂದನ್ನು ಇಟ್ಟರು. “ಅಂವಾ ಇಷ್ಟು ವರ್ಷ ದಾರಿ ಹುಡುಕ್ಯಾನ. ಈಗ ಬಾಗಿಲಾ ತೆಗೀಲಿಕ್ಹತ್ತದ.”

ಅತ್ತೆಯ ಮುಖದಲ್ಲಿದ್ದದ್ದು ಆಸೆ. ಅವರು ಹೆದರಿದ್ದಾಗ ಶರ್ವರಿ ಹೆದರಿರಲಿಲ್ಲ. ಈಗ ಹೆದರಿದಳು.

ಅವಳು ಶುಕ್ರವಾರದ ತನಕ ಕಾಯಲಿಲ್ಲ. ಅವತ್ತೇ ರಜೆ ಹಾಕಿ ಒಬ್ಬಳೇ ಆಟೋ ಹಿಡಿದು ಸೈನಿಕಪುರಿಗೆ ಹೋದಳು. ಶಾಮಲಾಳ ಎದುರು ಎಲ್ಲವನ್ನೂ ಹೇಳಿದಳು. ಹೇಳುತ್ತಾ ನಾಚಿಕೆಯಾಯಿತು, ಆದರೂ ಬಿಡದೆ ಹೇಳಿದಳು. ಶಾಮಲಾ ನಗಲಿಲ್ಲ.

“ನೀರಿನಲ್ಲಿ ಅರವತ್ತಕ್ಕೂ ಮೇಲೆ ಹೆರಿಗೆ ಮಾಡಿಸಿದ್ದೇನೆ,” ಎಂದಳು. “ನಿನ್ನ ಅತ್ತೆ ಹೇಳಿದ್ದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಆದರೆ ತೊಟ್ಟಿಯಲ್ಲಿ ತಾಯಿ ಒಬ್ಬಳೇ ಇರಬೇಕು. ಅವಳ ಮನಸ್ಸಿನಲ್ಲಿ ಬೇರೆ ಯಾರಾದರೂ ಇದ್ದರೆ ನಾನು ಇಳಿಸುವುದಿಲ್ಲ.”

“ಹಾಗಾದರೆ ಆಸ್ಪತ್ರೆಯ ಮೇಜೇ ಗತಿಯೇ?”

“ಯಾರು ಹೇಳಿದ್ದು? ಚಾಪೆ ಇದೆ, ಪೀಠವಿದೆ, ಹಿಡಿದು ಜೋತಾಡಲು ಹಗ್ಗವಿದೆ. ನಿನ್ನ ಮೈಮೇಲೆ ಯಾರೂ ಕೈ ಎತ್ತುವುದಿಲ್ಲ. ಅದಕ್ಕೆ ನೀರೇ ಬೇಕೆಂದಿಲ್ಲ.”

ಶರ್ವರಿಗೆ ಅಳು ಬಂತು. ತನಗೆ ಬೇಕಾಗಿದ್ದದ್ದು ಅದೊಂದೇ ಎಂದು ಆಗ ತಿಳಿಯಿತು. ಒಪ್ಪಿಗೆ ಪತ್ರದಲ್ಲಿ ನೆಲದ ಮೇಲೆ ಎಂದು ಬರೆದು ಸಹಿ ಹಾಕಿದಳು.

ಮನೆಗೆ ಬಂದು ಅತ್ತೆಗೆ ಹೇಳಿದಳು. “ಅತ್ಯಾ, ಸಿಟ್ಟಾಗಬ್ಯಾಡ್ರಿ. ಇದು ನನ್ನ ಕೂಸು. ನಿಮ್ಮ ಕೂಸಿನ ದಾರಿ ಇದರ ಮ್ಯಾಲಿಂದ ಹೋಗೋದು ಬ್ಯಾಡ.”

ಕೃಷ್ಣಾಬಾಯಿ ಕುಂಚಿಗೆಗಳನ್ನು ಮಡಚಿ ಒಳಗೆ ಹೋದರು. ಆಮೇಲಿನ ದಿನಗಳಲ್ಲಿ ಎಂದಿನಂತೆ ಉಣಬಡಿಸಿದರು, ಕಾಲು ಒತ್ತಿದರು. ಆದರೆ ಮನೆಯಲ್ಲಿ ಎಲ್ಲಿ ನಲ್ಲಿ ಬಿಟ್ಟ ಸದ್ದಾದರೂ ಎದ್ದು ಹೋಗಿ ನೋಡಿ ಬರುತ್ತಿದ್ದರು.

ಹತ್ತೊಂಬತ್ತು ದಿನದ ಮೇಲೆ ಬೆಳಿಗ್ಗೆ ಏಳಕ್ಕೆ ನೋವು ಶುರುವಾಯಿತು. ಮಿಲಿಂದ ಡ್ಯೂಟಿ ಬಿಟ್ಟು ಜೊತೆಗೆ ಬಂದ. ಕೇಂದ್ರದ ಮುಂಭಾಗದ ಕೋಣೆಯಲ್ಲಿ ಚಾಪೆ ಹಾಸಿ, ಸೂರಿಗೆ ಹಗ್ಗ ಕಟ್ಟಿದ್ದರು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಮಧ್ಯಾಹ್ನದ ತನಕ ಎಲ್ಲ ಸರಿಯಾಗಿಯೇ ನಡೆಯಿತು. ಶರ್ವರಿ ನಡೆದಳು, ಹಗ್ಗ ಹಿಡಿದು ಕುಕ್ಕರಿಸಿದಳು, ಮನಸ್ಸಿಗೆ ಬಂದಷ್ಟು ಗಟ್ಟಿಯಾಗಿ ಕೂಗಿದಳು. ಯಾರೂ ಬೈಯಲಿಲ್ಲ. ಕೃಷ್ಣಾಬಾಯಿ ಮೂಲೆಯ ಸ್ಟೂಲಿನ ಮೇಲೆ ಕೂತು ಜಪ ಮಾಡುತ್ತಿದ್ದರು.

ಮೂರು ಗಂಟೆಯ ಸುಮಾರಿಗೆ ಹಿಂದಿನ ಕೋಣೆಯಿಂದ ನೀರು ತುಂಬುವ ಸದ್ದು ಬಂತು.

“ಯಾರು ನಲ್ಲಿ ಬಿಟ್ಟಿದ್ದು?” ಎಂದು ಶಾಮಲಾ ಕೇಳಿದಳು. ಸಹಾಯಕಿ ಹೋಗಿ ನೋಡಿ ಬಂದಳು. ನಲ್ಲಿ ಮುಚ್ಚಿಯೇ ಇದೆ ಎಂದಳು. ಆದರೂ ತೊಟ್ಟಿಯಲ್ಲಿ ನೀರಿದೆ.

ಅಷ್ಟರಲ್ಲಿ ಶರ್ವರಿಯ ಒಳಗೆ ಕೂಸು ನಿಂತುಬಿಟ್ಟಿತು. ಅದೇ ನಿಲುವು, ಕರೆದವರ ಕಡೆ ಕಿವಿಗೊಟ್ಟಂಥದ್ದು. ಅವಳು ಶಾಮಲಾಳ ತೋಳು ಹಿಡಿದಳು. ಹೊಟ್ಟೆಯ ಮೇಲಿಟ್ಟ ಯಂತ್ರದಲ್ಲಿ ನೂರನಲವತ್ತರಂತೆ ಓಡುತ್ತಿದ್ದ ಗುಂಡಿಗೆಯ ಸದ್ದು ಒಂದೊಂದೇ ಹೆಜ್ಜೆ ತಡೆಯುತ್ತ ತೊಂಬತ್ತಕ್ಕೆ ಇಳಿಯಿತು. ಶಾಮಲಾ ಅವಳನ್ನು ಎಡಮಗ್ಗುಲಿಗೆ ಹೊರಳಿಸಿದಳು, ಆಮ್ಲಜನಕ ಕೊಟ್ಟಳು, ಸಹಾಯಕಿಗೆ ಆಂಬುಲೆನ್ಸ್ ಕರೆಯಲು ಹೇಳಿದಳು. ಎಂಬತ್ತೈದು. ಹಿಂದಿನ ಕೋಣೆಯಲ್ಲಿ ನೀರು ತುಂಬುತ್ತಲೇ ಇತ್ತು.

“ಅತ್ಯಾ!” ಶರ್ವರಿ ಚೀರಿದಳು. “ಇಲ್ಲಿ ಅವಗ ಏನೂ ಇಲ್ಲ! ನೀವs ಹೋಗಿ ಅವನ್ನ ಕರಕೊಳ್ರಿ!”

ಕೃಷ್ಣಾಬಾಯಿ ಎದ್ದರು. ಸೊಸೆಯ ಮುಖ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿನ ಕೋಣೆಗೆ ಹೋಗಿ ಒಳಗಿನಿಂದ ಬಾಗಿಲು ಮುಚ್ಚಿಕೊಂಡರು.

ನೀರಿನ ಸದ್ದು ನಿಂತಿತು. ಯಂತ್ರ ನೂರೆಂದಿತು, ನೂರಿಪ್ಪತ್ತೆಂದಿತು, ಮತ್ತೆ ನೂರನಲವತ್ತಕ್ಕೆ ಬಂತು. ಕೂಸು ಒಳಗೆ ಒಮ್ಮೆ ಹೊರಳಿ ಕೆಳಗೆ ನೂಕಿತು. ಆಂಬುಲೆನ್ಸ್ ಗೇಟಿಗೆ ಬರುವ ಮೊದಲೇ, ಬಿಸಿಲು ಬಿದ್ದ ಚಾಪೆಯ ಮೇಲೆ ಹೆಣ್ಣುಮಗು ಹುಟ್ಟಿ ಗಟ್ಟಿಯಾಗಿ ಅತ್ತಿತು.

ಸ್ವಲ್ಪ ಹೊತ್ತಿಗೆ ಇನ್ನೊಂದು ಬೇನೆ ಬಂತು. ಶರ್ವರಿ ಉಸಿರು ಬಿಗಿಹಿಡಿದಳು. ಶಾಮಲಾ ಅವಳ ಕಣ್ಣು ನೋಡಿ ಅರ್ಥಮಾಡಿಕೊಂಡಳು. ಬಿದ್ದ ಮಾಸವನ್ನು ಸ್ಟೀಲ್ ತಟ್ಟೆಯಲ್ಲಿ ಹರಡಿ, ಕಿಟಕಿಯ ಬೆಳಕಿಗೆ ಹಿಡಿದು, ಎರಡೂ ಕಡೆ ತಿರುಗಿಸಿ ತೋರಿಸಿದಳು. “ನೋಡಮ್ಮ. ಇಷ್ಟೇ. ಬೇರೆ ಏನೂ ಇಲ್ಲ.”

ಮಿಲಿಂದ ಹಿಂದಿನ ಬಾಗಿಲು ಬಡಿದ. ಚಿಲಕ ಹಾಕಿರಲಿಲ್ಲ. ತೊಟ್ಟಿ ಅಂಚಿನ ತನಕ ತುಂಬಿತ್ತು, ಅವನ ತಾಯಿ ಸೀರೆಯುಟ್ಟೇ ಅದರೊಳಗೆ ಕೂತಿದ್ದರು. ಎರಡು ಕೈಗಳೂ ನೀರಿನಡಿ, ಮಡಿಲಲ್ಲಿ, ಏನನ್ನೋ ಹಿಡಿದಂತೆ ಬಾಗಿದ್ದವು. ಮುಖ ಶಾಂತವಾಗಿತ್ತು.

“ಬಂದ್ಯಾ? ನೀರು ಹೊರಗ ಬಿಡು ಇನ್ನ. ಭಾಳ ಹೊತ್ತಾತು,” ಎಂದರು.

ಅವನು ತೋಳು ಇಳಿಸಿ ತಳದ ತೂತಿಗೆ ಹಾಕಿದ ಬಿರಟೆಯ ಸರಪಳಿಗೆ ಕೈಹಾಕಿದ. ನೀರು ಸುಳಿಯಾಗಿ ಇಳಿಯಿತು. ಅದು ಪೂರ್ತಿ ಹೋಗುವ ತನಕ ಕೃಷ್ಣಾಬಾಯಿ ಏಳಲಿಲ್ಲ. ಕೊನೆಯ ಗುಟುಕು ಕೊಳವೆಗಿಳಿದ ಮೇಲೆ ಮಡಿಲಿನಿಂದ ಕೈ ಬಿಡಿಸಿಕೊಂಡು, ಮಗನ ಭುಜ ಹಿಡಿದು ಹೊರಗೆ ಬಂದರು. ಕೇಂದ್ರದವರು ಕೊಟ್ಟ ಒಣಸೀರೆ ಉಟ್ಟು ಮೊಮ್ಮಗಳನ್ನು ಎತ್ತಿಕೊಂಡರು. ಸೊಸೆಯ ತಲೆ ನೇವರಿಸಿದರು. ತಿನ್ನಲು ಏನಾದರೂ ಇದೆಯೇ ಎಂದು ಕೇಳಿ, ಎರಡು ತಟ್ಟೆ ಉಪ್ಪಿಟ್ಟು ತಿಂದರು. ಅವರು ಹಾಗೆ ಉಂಡದ್ದನ್ನು ತಾನು ಎಂದೂ ನೋಡಿರಲಿಲ್ಲ ಎಂದ ಮಿಲಿಂದ.

ಮನೆಗೆ ಬಂದ ನಾಲ್ಕನೇ ದಿನ, ಕೃಷ್ಣಾಬಾಯಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ಹೊತ್ತಿಗೆ, ಮಿಲಿಂದ ಶರ್ವರಿಯ ಹಾಸಿಗೆಯ ಬಳಿ ಬಂದು ಕೂತ.

“ನಿನಗೊಂದು ಮಾತು ಹೇಳೋದದ. ಅವತ್ತು ಬಿರಟಿ ಸರಪಳಿ ಹಿಡದ್ನಲ್ಲ, ಅದನ್ನ ಆಗಲೇ ಯಾರೋ ಹಿಡದಿದ್ರು.”

“ಅತ್ಯಾ ಇರಬೇಕು.”

“ಅವ್ವನ ಎರಡೂ ಕೈ ಅವ್ವನ ಮಡಿಲಾಗ ಇದ್ವು. ನನ್ನ ಮುಂದs ಇದ್ವು.” ಅವನು ತನ್ನ ಬಲಗೈ ನೋಡಿಕೊಂಡ. “ಸಣ್ಣ ಕೈ ಅಲ್ಲ, ಶರ್ವರಿ. ನನ್ನಷ್ಟs ದೊಡ್ಡದು. ನಾ ಎಳೀಲಿಲ್ಲ. ಅಂವಾನs ಎಳದ.”

ಶರ್ವರಿ ಅವನ ಬಲಗೈಯನ್ನು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡು, ಅದು ಬೆಚ್ಚಗಾಗುವ ತನಕ ಹಾಗೇ ಹಿಡಿದುಕೊಂಡಿದ್ದಳು.