ಗೂಟವಿಲ್ಲದ ಗೋಡೆ

ನಮ್ಮ ನಡುಮನೆಯ ಮೂರು ಗೋಡೆಗಳಿಗೆ ಗೂಟಗಳಿದ್ದವು, ನಾಲ್ಕನೆಯದಕ್ಕೆ ಇರಲಿಲ್ಲ. ಸಂಜೆ ಅಪ್ಪ ಕಾವ್ಯ ಓದಲು ಕೂತಾಗ, ಕೇಳಲು ಬಂದವರು ಕೊಡೆ, ಚೀಲ, ಶಲ್ಯಗಳನ್ನು ಆ ಗೂಟಗಳಿಗೆ ತಗುಲಿಹಾಕಿ ಕೂರುತ್ತಿದ್ದರು. ಅಪ್ಪನ ಬೆನ್ನ ಹಿಂದಿನ ಗೋಡೆ ಮಾತ್ರ ಬೋಳು. ಒಮ್ಮೆ ನಾನು ನನ್ನ ಶಾಲೆಯ ಚೀಲಕ್ಕೆಂದು ಅಲ್ಲೊಂದು ಮೊಳೆ ಹೊಡೆದೆ. ಅಪ್ಪ ಬೈಯಲಿಲ್ಲ. ಓದು ಮುಗಿದ ಮೇಲೆ ಮೊಳೆ ಕಿತ್ತು, ತೂತಿಗೆ ಸುಣ್ಣ ಮೆತ್ತಿ, "ಓದೋನ ಹಿಂದೆ ಏನೂ ತೂಗಾಡಬಾರದು ಮಗು," ಎಂದರು. ಆ ಸುಣ್ಣದ ಬೊಟ್ಟು ಗೋಡೆಯ ಬಣ್ಣದೊಡನೆ ಎಂದೂ ಬೆರೆಯಲಿಲ್ಲ.

ಅಪ್ಪನ ಕಂಠ ನನಗೆ ಬರಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟು ಕೇಳುವುದಷ್ಟೇ ಬಂತು.

ಮುಂದೆ ನಾನು ಕೆಲಸಕ್ಕೆ ಸೇರಿದ್ದು ಜಾಲತಾಣಗಳನ್ನು ಕಟ್ಟಿಕೊಡುವ, ಮೂರೇ ಜನರ ಒಂದು ಕಚೇರಿಗೆ. ಯಜಮಾನರು ಪಟ್ಟಾಭಿಯವರು, ಮತ್ತೆ ನಾನು, ಆಮೇಲೆ ಬಂದ ಮಂದಾಕಿನಿ. ನಮ್ಮೂರಿನ ದೇವಸ್ಥಾನದಲ್ಲಿ ಅರಿಕೆ ಸಲ್ಲಿಸುವ ಪದ್ಧತಿಯೊಂದಿತ್ತು. ಮನಸ್ಸಿನಲ್ಲಿದ್ದುದನ್ನು ಚೀಟಿಯಲ್ಲಿ ಬರೆದು ಮಡಚಿ ತಾಮ್ರದ ಕೊಡಕ್ಕೆ ಹಾಕುವುದು. ಅದನ್ನು ಅರ್ಚಕರೂ ಬಿಡಿಸಿ ನೋಡುತ್ತಿರಲಿಲ್ಲ. ಬೆಳಿಗ್ಗೆ ಕೊಳದ ನೀರಿಗೆ ಸೇರಿಸುತ್ತಿದ್ದರು. ಗುಡಿಗೆ ಬರಲಾಗದವರಿಗಾಗಿ ಅದನ್ನೇ ನಾವು ಜಾಲತಾಣದಲ್ಲಿ ಮಾಡಿಕೊಟ್ಟಿದ್ದೆವು. ಬರೆದದ್ದು ದೇವಸ್ಥಾನದಲ್ಲಿ ಅಚ್ಚಾಗಿ ಮುಖ ಕೆಳಗಾಗಿ ಕೊಡಕ್ಕೆ ಬೀಳುತ್ತಿತ್ತು, ನಮ್ಮಲ್ಲಿದ್ದ ಬರಹ ಅಳಿದುಹೋಗುತ್ತಿತ್ತು. ಆ ಭಾಗವನ್ನು ಕಟ್ಟಿದವನು ನಾನು. ಅದು ನನಗೆ ಕೆಲಸಕ್ಕಿಂತ ಸೇವೆಯಂತಿತ್ತು.

ಒಂದು ಮಧ್ಯಾಹ್ನ ಸುಭದ್ರಾ ಟೀಚರ್ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಚಿಕ್ಕಂದಿನಲ್ಲಿ ನನಗೆ ಪಾಠ ಹೇಳಿದವರು.

"ನಂಗೆ ಕಣ್ಣು ಮಂಜಾಗ್ತಿದೆ ಅಂತ ನಿಮ್ಮ ಜಾಲತಾಣದಲ್ಲಿ ದೇವರಿಗೆ ಬರೆದಿದ್ದೆ. ರಿಟೈರಾಗೋಕೆ ಇನ್ನೆರಡು ವರ್ಷ, ಹೇಗಾದ್ರೂ ದೂಡಿಸಪ್ಪಾ ಅಂತ," ಎಂದರು. "ಇವತ್ತು ಹೆಡ್ಮಾಸ್ತರು ಕರೆದು, ಬೋರ್ಡು ಕಾಣುತ್ತೇನಮ್ಮಾ ಅಂತ ಕೇಳ್ತಾರೆ! ಡಾಕ್ಟರ ಕೈಲಿ ಬರೆಸ್ಕೊಂಡು ಬನ್ನಿ ಅಂತಾರೆ. ದೇವರು ಹೋಗಿ ಹೆಡ್ಮಾಸ್ತರಿಗೆ ಹೇಳಿದ್ನೇನೋ?"

ಪಟ್ಟಾಭಿಯವರು ನೀರು ಕೊಟ್ಟು ಸಮಾಧಾನ ಹೇಳಿ ಕಳಿಸಿದರು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, "ಇದು ನಮ್ಮಲ್ಲಿಂದಲೇ ಸೋರಿದೆ ಅಂತಾದ್ರೆ ಅಂಗಡಿ ಮುಚ್ಚಬೇಕಾಗುತ್ತೆ," ಎಂದರು. ಮಂದಾಕಿನಿ ತಲೆ ಎತ್ತಲಿಲ್ಲ. ನನ್ನ ಮನಸ್ಸಿನಲ್ಲಿ ಹುಳ ಹೊಕ್ಕದ್ದು ಆಗಲೇ.

ಹೋದ ವಾರವಷ್ಟೇ ಅವಳು, "ಅರಿಕೆ ಬರೆದ ಮೇಲೆ ಎಲ್ಲೆಲ್ಲಿ ಹೋಗುತ್ತೆ ಸರ್?" ಎಂದು ಕೇಳಿದ್ದಳು. ಯಾಕೆ ಬೇಕಿತ್ತು ಅವಳಿಗೆ? ಮರುದಿನ, ಯಾರು ಯಾವಾಗ ಏನು ಬದಲಿಸಿದರೆಂದು ತೋರಿಸುವ ಕೋಡಿನ ಇತಿಹಾಸ ತೆಗೆದು ನೋಡಿದೆ. ಟೀಚರ್ ಬಂದುಹೋದ ದಿನವೇ, ಸಂಜೆ ಐದೂವರೆಗೆ, ಮಂದಾಕಿನಿ ಅರಿಕೆಯ ಬೇಸ್ ಕ್ಲಾಸನ್ನು ಬದಲಿಸಿದ್ದಳು. ಯಾರಿಗೂ ಹೇಳಿರಲಿಲ್ಲ.

ಬೇಸ್ ಕ್ಲಾಸೆಂದರೆ ಅಡಿಪಾಯ. ಜಾಲತಾಣ ಕಟ್ಟಲು ನಾವು ಬಳಸುತ್ತಿದ್ದ ಸಿದ್ಧ ಚೌಕಟ್ಟಿನಲ್ಲಿ, ಎಂದರೆ ಫ್ರೇಮ್‌ವರ್ಕಿನಲ್ಲಿ, ಅಂಥವು ಎರಡಿದ್ದವು. ಒಂದು ಭಾರದ್ದು. ಅದರ ಮೇಲೆ ಕಟ್ಟಿದ್ದು ಗೂಟಗಳಿರುವ ಗೋಡೆಯಂತೆ. ತನಗೇನಾದರೂ ಆದಾಗಲೆಲ್ಲ ಅದು ಸಾರಿ ಹೇಳುತ್ತದೆ. ಹಾಗೆ ಸಾರಿದಾಗ ನಡೆಯಲೆಂದು ಬೇರೆಲ್ಲೋ ಕೂತವರು ತಮ್ಮದೊಂದು ಕೆಲಸವನ್ನು ಅದಕ್ಕೆ ತಗುಲಿಹಾಕಬಹುದು. ಗೋಡೆಯನ್ನೇ ನೋಡುತ್ತ ಕೂತರೆ ತಗುಲಿದ್ದು ಕಾಣುವುದಿಲ್ಲ. ಇನ್ನೊಂದು ಹಗುರದ್ದು. ಇಟ್ಟದ್ದನ್ನು ಇಟ್ಟುಕೊಳ್ಳುತ್ತದೆ, ಕೇಳಿದರೆ ಕೊಡುತ್ತದೆ, ಅಷ್ಟೆ. ಗೂಟವೆಂಬುದೇ ಇಲ್ಲ. ನಾನು ಭಾರದ್ದರ ಮೇಲೆ ಕಟ್ಟಿದ್ದನ್ನು ಅವಳು ಹಗುರದ್ದರ ಮೇಲೆ ಇಟ್ಟಿದ್ದಳು. ಸಾರುವ ಸಾಲನ್ನೂ ಅಳಿಸಿದ್ದಳು.

ಕದ್ದವರಲ್ಲದೆ ಇನ್ನಾರು ಅವಸರದಲ್ಲಿ ಗೂಟ ಕೀಳುತ್ತಾರೆ?

ಆಮೇಲೆ ಅವಳು ಮಾಡಿದ್ದೆಲ್ಲ ನನಗೆ ಬೇರೆಯೇ ಆಗಿ ಕಂಡಿತು. ಫೋನಿನಲ್ಲಿ ದನಿ ತಗ್ಗಿಸಿದರೆ ಅನುಮಾನ, ನಕ್ಕರೆ ಅನುಮಾನ. ಎರಡು ಸಲ ಕೈಯಲ್ಲೊಂದು ಹಾಳೆ ಹಿಡಿದು ನನ್ನ ಮೇಜಿನ ತನಕ ಬಂದಳು. ಎರಡು ಸಲವೂ ನಾನು ಪರದೆಯನ್ನು ನನ್ನತ್ತ ತಿರುಗಿಸಿಕೊಂಡು, "ಆಮೇಲೆ ಬಾಮ್ಮ," ಎಂದೆ. ಕಣ್ಣಿಗೆ ಕಂಡದ್ದನ್ನು ಹೇಳದಿದ್ದರೆ ಪಾಪ ಅಂಟುತ್ತದೆ ಎಂದುಕೊಂಡು ಕೊನೆಗೆ ಪಟ್ಟಾಭಿಯವರ ಕೋಣೆಗೆ ಹೋದೆ.

"ನೀವೇ ಹೇಳ್ತಿದೀರಿ ಅಂದ್ಮೇಲೆ ನಿಜವೇ ಇರ್ಬೇಕು," ಎಂದರು ಅವರು. "ನೀವು ವರ್ಷಕ್ಕೆ ನಾಲ್ಕು ಮಾತಾಡೋ ಜನ. ನಾಳೆನೇ ಕಳಿಸಿಬಿಡ್ತೀನಿ. ಆದ್ರೆ ಅಲ್ಲಿ ಏನು ತಗುಲಿಹಾಕಿದ್ಲು ಅನ್ನೋದನ್ನ ತೋರಿಸಿ. ಸುಮ್‌ಸುಮ್ನೆ ಹೆಣ್ಣುಮಗಳ ಅನ್ನ ಕಿತ್ಕೋಬಾರ್ದು."

ಹುಡುಕಲು ಕೂತೆ. ಗೂಟ ಹೋಗಿತ್ತು, ತಗುಲಿಸಿದ ವಸ್ತು ಎಲ್ಲೋ ಬಿದ್ದಿರಲೇಬೇಕು. ಅರ್ಧ ಗಂಟೆಯಲ್ಲಿ, ಯಾರೂ ತೆರೆಯದ ಒಂದು ಕಡತದ ತಳದಲ್ಲಿ ಸಿಕ್ಕಿತು. ನಾಲ್ಕೇ ಸಾಲು: ಅರಿಕೆ ಬಂದೊಡನೆ ಅದರ ಒಂದು ಪ್ರತಿ ದೇವಸ್ಥಾನದ ವಿಚಾರಣೆಯ ಇ-ಅಂಚೆಪೆಟ್ಟಿಗೆಗೆ ಹೋಗಲಿ. ಮೇಲೊಂದು ಟಿಪ್ಪಣಿ: 'ಒತ್ತಕ್ಷರ ಸರಿಯಾಗಿ ಬರುತ್ತಿದೆಯೇ ನೋಡಲು. ಆಮೇಲೆ ತೆಗೆಯಬೇಕು.' ಅದರ ಕೆಳಗೆ ಇದ್ದದ್ದು ನನ್ನ ಹೆಸರು.

ನೆನಪಾಯಿತು. ಮೊದಲ ದಿನಗಳಲ್ಲಿ ಒತ್ತಕ್ಷರಗಳು ಒಡೆದು ಬರುತ್ತಿದ್ದವು. ದೇವರ ಮುಂದೆ ಒಡೆದ ಅಕ್ಷರ ಬೀಳಬಾರದೆಂದು, ಅಪ್ಪ ಓದುತ್ತಿದ್ದ ಪದ್ಯಗಳನ್ನೇ ಅರಿಕೆಯಾಗಿ ಬರೆದು, ದೇವಸ್ಥಾನದ ಕಂಪ್ಯೂಟರಿನಲ್ಲೇ ತೆರೆದು ಪರೀಕ್ಷಿಸಿದ್ದೆ. ಅಕ್ಷರ ಕೂಡಿಕೊಂಡವು. ಆ ಸಂತೋಷದಲ್ಲಿ ಮೊಳೆ ಅಲ್ಲೇ ಉಳಿಯಿತು. ಊರಿನವರ ಕಷ್ಟಗಳೆಲ್ಲ ಅಂದಿನಿಂದ ಆ ಪೆಟ್ಟಿಗೆಗೂ ಹೋಗಿ ಬಿದ್ದಿದ್ದವು. ಸೇವೆಯ ರಸೀತಿ ಕೊಡುವ ಗುಮಾಸ್ತ, ತನಗೇ ಬಂದ ಪತ್ರಗಳೆಂದು ತಿಳಿದು, ಬೆಳಿಗ್ಗೆ ಅವನ್ನು ಗಟ್ಟಿಯಾಗಿ ಓದುತ್ತಿದ್ದನಂತೆ. ಎದುರಿಗೆ ರಸೀತಿಗಾಗಿ ನಿಂತವರಿಗೆಲ್ಲ ಕೇಳಿಸುತ್ತಿತ್ತು.

ಮಂದಾಕಿನಿಯ ಮೇಜಿನ ಬಳಿ ಹೋಗಿ ನಿಂತೆ. ಅವಳು ಪರದೆಯನ್ನು ತಿರುಗಿಸಲಿಲ್ಲ.

"ನಿನಗೆ ಗೊತ್ತಿತ್ತಾ?"

"ಟೀಚರ್ ಬಂದ ದಿನವೇ ಸಿಕ್ತು ಸರ್. ನಿಮ್ಮ ಹೆಸರಿತ್ತಲ್ಲ, ಆ ನಾಲ್ಕು ಸಾಲನ್ನ ನಾನು ಕೀಳೋದು ಬೇಡ ಅಂತ ಅಡಿಪಾಯ ಬದಲಾಯಿಸಿ ಸಾರೋ ಸಾಲು ಮಾತ್ರ ಅಳಿಸ್ದೆ. ಅರಿಕೆಗೆ ಅಷ್ಟು ಭಾರ ಬೇಕಾಗೂ ಇರ್ಲಿಲ್ಲ."

"ನನಗೆ ಹೇಳಬಾರದಿತ್ತೇನಮ್ಮ?"

"ಹಾಳೆ ಹಿಡ್ಕೊಂಡು ಎರಡು ಸಲ ಬಂದೆ," ಎಂದಳು. "ನೀವು ಆಮೇಲೆ ಬಾ ಅಂದ್ರಿ."

ಪಟ್ಟಾಭಿಯವರ ಕೋಣೆಯ ಬಾಗಿಲಿಗೂ ನನ್ನ ಕಾಲಿಗೂ ನಡುವೆ ಹತ್ತು ಹೆಜ್ಜೆ. ಅದನ್ನು ದಾಟಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಅವಳಿಗೆ ಹೇಳಿದ್ರಾ, ಅವಳ ಮೇಲೆ ದೂರು ಕೊಟ್ಟಿದ್ದು?" ಎಂದರು. ಹೇಳಿರಲಿಲ್ಲ. ವಾಪಸು ಹೋಗಿ ಅದನ್ನೂ ಹೇಳಿದೆ. ಮಂದಾಕಿನಿ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ, ಆದರೆ ಕೆಲಸ ಬಿಟ್ಟು ಹೋಗಲಿಲ್ಲ. ಪೆಟ್ಟಿಗೆಯನ್ನು ಅಂದೇ ಬರಿದು ಮಾಡಿದೆವು. ಜನರ ಬಾಯಿಗೆ ಬಿದ್ದದ್ದನ್ನು ಬರಿದು ಮಾಡುವ ಉಪಾಯ ಯಾವ ಫ್ರೇಮ್‌ವರ್ಕಿನಲ್ಲೂ ಇರಲಿಲ್ಲ.

ಸಂಜೆ ಟೀಚರ ಮನೆಗೆ ಹೋದೆ. ನಿಂತೇ ಹೇಳಿ ಮುಗಿಸಿದೆ. ಅವರು ಕ್ಷಮಿಸಿದೆ ಎನ್ನಲಿಲ್ಲ.

"ನೀನೂ ಓದಿದ್ಯೇನೋ ನನ್ನ ಚೀಟಿ?"

"ಇಲ್ಲ ಟೀಚರ್."

"ಊರೆಲ್ಲ ಕೇಳಿಸ್ಕೊಂಡಿದ್ದನ್ನ ನೀನೊಬ್ಬ ಕೇಳಿಲ್ಲ ಅನ್ನು." ಎಂದು ಒಳಗೆ ಹೋದರು. ಬಟ್ಟೆಯಲ್ಲಿ ಸುತ್ತಿದ ದಪ್ಪ ಪುಸ್ತಕವೊಂದನ್ನು ತಂದು ನನ್ನ ಮುಂದಿಟ್ಟರು. "ಆರು ತಿಂಗಳಾಯ್ತು, ಅಕ್ಷರ ಹಿಡಿಯೋಕೆ ಆಗ್ತಿಲ್ಲ. ಕೂತ್ಕೋ. ಓದು."

"ನನಗೆ ಕಂಠವಿಲ್ಲ ಟೀಚರ್. ನಾನು ಬರೀ ಕೇಳೋನು."

"ಕೇಳಿದ್ದು ಸಾಕು."

ಚಾಪೆ ಹಾಸಿಕೊಟ್ಟರು. ಕೂರುವ ಮೊದಲು ನಾನು ತಿರುಗಿ ಹಿಂದಿನ ಗೋಡೆಯನ್ನು ನೋಡಿದೆ. ಒಂದು ಮೊಳೆಯಿತ್ತು, ಅದರಲ್ಲಿ ಯಾವುದೋ ಹಳೆಯ ಪಂಚಾಂಗ. ಕೇಳದೆಯೇ ಪಂಚಾಂಗ ಇಳಿಸಿದೆ. ಮೊಳೆಯನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತು ಜೇಬಿಗೆ ಹಾಕಿಕೊಂಡೆ. ಟೀಚರ್ ಮಂಜುಗಣ್ಣಿನಲ್ಲಿ ಅದನ್ನು ಕಂಡರೋ ಇಲ್ಲವೋ, ಕೈಗಳನ್ನು ಮಡಿಲಲ್ಲಿಟ್ಟು ಕೂತರು.