ಒಂದನೇ ತಾರೀಖಿನ ಹಗೆ

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎನ್ನುತ್ತಿದ್ದರು. ದೊಡ್ಡ ಹೋಟೆಲೊಂದರ ಚಾದರ, ಟವೆಲು ಎಲ್ಲ ಅಲ್ಲಿಗೇ ಬರುತ್ತಿದ್ದವು. ಹೋಟೆಲಿನವರು ಹೊತ್ತಿಗೆ ಸರಿಯಾಗಿ ದುಡ್ಡು ಕೊಟ್ಟರೂ ಯಜಮಾನನ ಕೈಯಿಂದ ಸಂಬಳ ಮಾತ್ರ ಬಿಚ್ಚುತ್ತಿರಲಿಲ್ಲ. ಒಮ್ಮೆ ಹತ್ತನೇ ತಾರೀಖಿಗೆ, ಒಮ್ಮೆ ಇಪ್ಪತ್ತಕ್ಕೆ, ಅದೂ ಅರ್ಧ. ಕೇಳಿದರೆ, ನಾನೇನು ಊರು ಬಿಟ್ಟು ಓಡಿಹೋಗ್ತೀನಾ ಅಂತ ನಗುತ್ತಿದ್ದ. ಬರಬರುತ್ತಾ ಕೆಲಸದವರು ಹರಿದ ಚಾದರ ಕಂಡರೂ ಕಾಣದ ಹಾಗೆ ಮಡಚಿ ಕಟ್ಟತೊಡಗಿದರು.

ಆ ವರ್ಷ ಇಸ್ತ್ರಿಯಕ್ಕನ ಮಗಳಿಗೆ ಸಿಕ್ಕಿದ್ದ ನರ್ಸಿಂಗ್ ಸೀಟು ಕೈತಪ್ಪಿತು. ಫೀಸು ಕಟ್ಟುವ ಕಡೆಯ ದಿನ ಅವಳು ಬಾಕಿ ಸಂಬಳ ಕೇಳಿಕೊಂಡು ಹೋದಾಗ ಯಜಮಾನ ಹೊಸ ಕಾರು ತೊಳೆಸುತ್ತಾ ನಿಂತಿದ್ದ.

"ಹುಡುಗಿ ಮುಂದಿನ ವರ್ಷ ಓದಿದ್ರೆ ಆಕಾಶ ಕಳಚಿ ಬೀಳುತ್ತಾ?" ಅಂದ.

ಅವಳು ಅಳಲಿಲ್ಲ. ಹಲ್ಲು ಕಚ್ಚಿ ಕಾದಳು. ಬಟ್ಟೆ ಒಯ್ಯಲು ಬರುವ ಹೋಟೆಲಿನ ಮೇಲ್ವಿಚಾರಕಿಯ ಹತ್ತಿರ ಸಲಿಗೆ ಬೆಳೆಸಿ, ಎಲ್ಲೆಲ್ಲಿ ಕಲೆ ಉಳಿದಿದೆ ಎಂದು ತಾನೇ ತೋರಿಸಿಕೊಟ್ಟಳು. ಒಡವೆ ಮಾರಿ, ನಾದಿನಿಯ ಉಳಿತಾಯವನ್ನೂ ಸೇರಿಸಿ ಹಿಂದಿನ ಬೀದಿಯ ಗೋದಾಮಿನಲ್ಲಿ ಮಷೀನು ಹಾಕಿಸಿದಳು. ಹೋಟೆಲಿನ ಕರಾರು ಮುಗಿದ ವಾರವೇ ಬಟ್ಟೆ ಮೂಟೆಗಳು ಅವಳ ಬಾಗಿಲಿಗೆ ಬಂದವು. ಬೆನ್ನಿಗೇ ಕೆಲಸದವರೂ ಬಂದರು.

ಯಜಮಾನ ಬಂದು ಉಂಡ ಮನೆಗೆ ಎರಡು ಬಗೆದಳೆಂದು ಕೂಗಾಡಿದ.

"ಉಣ್ಣೋಕೆ ನೀವು ಹೊತ್ತಿಗೆ ಸರಿಯಾಗಿ ಯಾವತ್ತು ಹಾಕಿದ್ರಿ?" ಅಂದಳು.

"ಸಂಬಳ ಕೊಟ್ಟು ನೋಡು. ನೀನೂ ನನ್ನ ಹಾಗೇ ಆಗ್ತೀಯ," ಎಂದು ಹೊರಟುಹೋದ.

ಆ ಮಾತು ಮುಳ್ಳಿನ ಹಾಗೆ ನಾಟಿತು. ಪ್ರತಿ ತಿಂಗಳೂ ಒಂದನೇ ತಾರೀಖು ಬೆಳಗ್ಗೆ, ಬಟ್ಟೆ ಮುಟ್ಟುವ ಮೊದಲೇ ಎಲ್ಲರ ಕೈಗೂ ಸಂಬಳ ಇಡತೊಡಗಿದಳು. ಮೊದಲ ಸಲ ಅವರು ನಂಬದೆ ಎರಡೆರಡು ಬಾರಿ ಎಣಿಸಿಕೊಂಡರು. ಆಮೇಲಾಮೇಲೆ ಎಣಿಸದೆ ಜೇಬಿಗೆ ಇಳಿಸಿದರು. ಹರಿದದ್ದನ್ನು ಯಾರೂ ಹೇಳದಿದ್ದರೂ ಹೊಲಿದಿಡುತ್ತಿದ್ದರು.

ಮುಂದೊಂದು ತಿಂಗಳು ಹೋಟೆಲಿನ ಹಣವೇ ತಡವಾಯಿತು.

"ಅತ್ತಿಗೆ, ಒಂದು ವಾರ ತಡೀರಿ ಅಂದ್ರೆ ಇವರು ತಡ್ಕೋತಾರೆ. ಈಗ ನಮ್ಮನ್ನ ನಂಬ್ತಾರಲ್ಲ," ಅಂದಳು ನಾದಿನಿ.

"ಇವರು ತಡ್ಕೋತಾರೆ. ಅವನು ನಗ್ತಾನೆ."

ಇಸ್ತ್ರಿಯಕ್ಕ ತನ್ನ ಸ್ಕೂಟರ್ ಮಾರಿ ಸಂಬಳ ಕೊಟ್ಟಳು. ಕೆಲಸದವರು ದೇವರಂಥವಳು ಎಂದರು. ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸುದ್ದಿ ಯಜಮಾನನಿಗೆ ಮುಟ್ಟಿತಾ ಎಂದಷ್ಟೇ ನಾದಿನಿಯನ್ನು ಕೇಳಿದಳು. ಮುಟ್ಟಿತ್ತು. ಕೇಳಿ ಅವನ ಮುಖ ಕಪ್ಪಿಟ್ಟಿತಂತೆ. ಅವತ್ತು ಅಷ್ಟು ದೂರ ನಡೆದೇ ಮನೆಗೆ ಹೋದರೂ ಅವಳಿಗೆ ಕಾಲು ನೋಯಲಿಲ್ಲ.