ಅಮಾನತಿನ ಸಿಕ್ಕಾ

ನಾನು ಒಂದು ರಬ್ಬರ್ ಸಿಕ್ಕಾ. ಸೀಲು ಎನ್ನಿ, ಮೊಹರು ಎನ್ನಿ, ನನಗೇನೂ ಬೇಸರವಿಲ್ಲ. ಹೆಸರು ಬದಲಾದರೆ ಹೋಗುವಷ್ಟು ಮಾನ ನನ್ನಲ್ಲಿ ಉಳಿದಿಲ್ಲ.

ಬಸ್ ಸ್ಟ್ಯಾಂಡಿನ ಎದುರು ಮೌಲಾಸಾಬರ ಅಂಗಡಿಯಲ್ಲಿ ಹುಟ್ಟಿದೆ. ಮೇಲೆ ಮರದ ಹಿಡಿ, ಕೆಳಗೆ ಕೆಂಪು ರಬ್ಬರು. ನನ್ನ ಜೊತೆ ಹುಟ್ಟಿದವನೊಬ್ಬ ಶಾಲೆಗೆ ಹೋದ, ಇನ್ನೊಬ್ಬ ಗ್ರಂಥಾಲಯಕ್ಕೆ. ನನ್ನನ್ನು ಮಾಡಿಸಿದವರು ದೊಡ್ಡಾಸ್ಪತ್ರೆಯ ಕಚೇರಿಯ ಗುಮಾಸ್ತ ಗುರುಪಾದಪ್ಪನವರು. ನನ್ನ ಮೈಮೇಲೆ ಒಂದೇ ಸಾಲು: "ವಿಚಾರಣೆ ಪೂರ್ಣಗೊಳ್ಳದ ಕಾರಣ ಅಮಾನತನ್ನು ಮುಂದುವರಿಸಲಾಗಿದೆ."

ಮೌಲಾಸಾಬರು ಅದನ್ನು ಓದಿ ಕನ್ನಡಕ ಮೇಲೇರಿಸಿದರು. "ಇದಕ್ಕೂ ಸಿಕ್ಕಾ ಬೇಕೇನ್ರೀ?"

"ಏನ್ ಮಾಡೋದು ಮೌಲಣ್ಣ, ಒಬ್ಬರದಲ್ಲ ಇಬ್ಬರದಲ್ಲ. ಬರದು ಬರದು ಕೈ ಸೋತಾವು."

"ಹಂಗಾರ ವಾಪಸ್ ಕೆಲಸಕ್ಕ ತಗೊಂಡೇವಿ ಅನ್ನೋದೂ ಒಂದು ಮಾಡ್ಲೇನು?"

"ಅದು ಯಾವಾಗರ ಒಮ್ಮೆ ಬೇಕಾಗೋದು. ಕೈಲೇ ಬರೀತೀನಿ ಬಿಡ್ರಿ."

ಇಬ್ಬರೂ ನಕ್ಕರು. ನಾನೂ ನಕ್ಕೆ. ಆಗ ನನಗೇನು ತಿಳಿಯುತ್ತಿತ್ತು?

ಹೊಸದರಲ್ಲಿ ನನ್ನ ಜಂಬ ಕೇಳಬೇಡಿ. ನಾನು ಮೂಡದೆ ಸಾಹೇಬರು ಸಹಿ ಹಾಕುತ್ತಿರಲಿಲ್ಲ. ಮೇಜಿನ ಮೇಲೆ ಕುಳಿತವನಿಗೆ ಬಂದವರ ಗದ್ದ ಮೊದಲು ಕಾಣುತ್ತದೆ, ಕಣ್ಣು ಆಮೇಲೆ. ನಾನು ಗದ್ದವನ್ನಷ್ಟೇ ನೋಡಿಕೊಂಡು ಹಾಯಾಗಿದ್ದೆ.

ಮಕ್ಕಳ ವಾರ್ಡಿನ ನರ್ಸ್ ರೋಹಿಣಿ ಹಾದಿಮನಿ ಬಂದ ಮೇಲೆ ಆ ಹಾಯಿ ಹೋಯಿತು. ಕೂಸೊಂದಕ್ಕೆ ತಪ್ಪು ಇಂಜೆಕ್ಷನ್ ಕೊಟ್ಟರೆಂದು ಅವರ ಮೇಲೆ ದೂರು. ಕೂಸು ಚೇತರಿಸಿಕೊಂಡು ಮನೆಗೆ ಹೋಯಿತು; ಇವರು ಅಮಾನತಾಗಿ ಮನೆಗೆ ಹೋದರು. ಕೊಟ್ಟರೋ ಇಲ್ಲವೋ ನನಗೆ ಗೊತ್ತಿಲ್ಲ. ವಿಚಾರಿಸಬೇಕಾದವರಿಗೂ ಗೊತ್ತಿಲ್ಲ, ಏಕೆಂದರೆ ಅವರು ವಿಚಾರಿಸಲೇ ಇಲ್ಲ. ಒಮ್ಮೆ ಡಾಕ್ಟರು ರಜೆ, ಒಮ್ಮೆ ಚುನಾವಣೆ ಕೆಲಸ, ಒಮ್ಮೆ ಸಾಹೇಬರ ವರ್ಗ. ಪ್ರತಿ ಸಲವೂ ನಾನು ಮಸಿ ಬಳಿದುಕೊಂಡು ಕಾಗದದ ಮೇಲೆ ಬಿದ್ದೆ.

ಸಿಸ್ಟರು ಮೇಜಿನ ಅಂಚು ಹಿಡಿದು ನಿಲ್ಲುತ್ತಿದ್ದರು. ವಾರ್ಡಿಲ್ಲದಿದ್ದರೂ ಉಗುರು ಮೋಟಾಗಿ ಕತ್ತರಿಸಿದ ಕೈ.

"ಕೂಸಿಗೆ ಸೂಜಿ ಚುಚ್ಚಿದಾಕಿ ಬಂದ್ಲು ಅಂತಾರ್ರೀ ಓಣ್ಯಾಗ," ಎಂದರು ಒಮ್ಮೆ. "ತಪ್ಪು ಮಾಡೀನಿ ಅಂತರ ಹೇಳ್ರಿ, ಇಲ್ಲಾ ಮಾಡಿಲ್ಲ ಅಂತರ ಹೇಳ್ರಿ. ನಡುವ ನಿಂದ್ರಸಬ್ಯಾಡ್ರಿ ಅಣ್ಣಾರ."

ಗುರುಪಾದಪ್ಪನವರು ತಲೆ ತಗ್ಗಿಸಿದರು. ನನ್ನ ತಲೆಯಂತೂ ಸದಾ ತಗ್ಗಿಯೇ ಇರುತ್ತದೆ. ನಡುವೆ ನಿಲ್ಲಿಸುವುದೇ ನನ್ನ ಕಸುಬು ಎಂದು ಅಂದು ಹೊಳೆಯಿತು. ಛೀ ಎನಿಸಿತು.

ಕೊನೆಗೊಂದು ಸೋಮವಾರ ಹೊಸ ಸಾಹೇಬರು ಒಳ್ಳೆಯ ಮಾತಾಡಿದರು: "ವಿಚಾರಣೆ ಆದಾಗ ಆಗ್ಲಿ, ಆಕೀನ್ನ ವಾರ್ಡಿಗೆ ತಗೊಳ್ಳೋಣ. ಇವತ್ತು ಸಿಕ್ಕಾ ಬ್ಯಾಡ." ಸಿಸ್ಟರು ಇಸ್ತ್ರಿ ಮಾಡಿದ ಬಿಳಿ ಬಟ್ಟೆ ತೊಟ್ಟು ಬಂದಿದ್ದರು. ಗುರುಪಾದಪ್ಪನವರು ಆದೇಶವನ್ನು ಕೈಯಲ್ಲೇ ಬರೆಯತೊಡಗಿದರು. ನಾನು ಮೂಲೆಯಲ್ಲಿ ಒಣಗಿಕೊಂಡು, ಅಬ್ಬಾ, ಎಂಥ ಸುಖದಲ್ಲಿದ್ದೆ!

ಅರ್ಧ ಸಾಲಿಗೆ ಪೆನ್ನು ಜಾರಿತು. ಗುರುಪಾದಪ್ಪನವರಿಗೆ ಸಕ್ಕರೆ ಕಾಯಿಲೆ. ಅಂದು ಸೋಮವಾರದ ಉಪವಾಸ, ಗುಳಿಗೆ ಮಾತ್ರ ನುಂಗಿದ್ದರು. ರಕ್ತದ ಸಕ್ಕರೆ ಇಳಿದು, ಮೈಯೆಲ್ಲ ಬೆವೆತು ಕುರ್ಚಿಯಿಂದ ವಾಲಿದರು. ಉಳಿದವರು "ಅಯ್ಯಯ್ಯೋ" ಎನ್ನುವಷ್ಟರಲ್ಲಿ ಸಿಸ್ಟರು ಅವರನ್ನು ಹಿಡಿದು ಕೂರಿಸಿದ್ದರು.

"ಅಣ್ಣಾರ, ನನ್ನ ಮಾತು ಕೇಳ್ತೈತಿ? ನುಂಗಾಕ ಬರ್ತೈತಿ? ಯಾರರ ಚಾದಂಗಡಿಯಿಂದ ಸಕ್ಕರಿ ತರ್ರೀ, ಲಗೂನ!"

ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು, ನಾಡಿ ಹಿಡಿದೇ ಕುಳಿತರು. ಗುರುಪಾದಪ್ಪನವರ ಕಣ್ಣಿಗೆ ಕಳೆ ಬಂತು. ಆಗಲೇ ಸಾಹೇಬರು ಹೊರಗೆ ಬಂದರು. ಜನ ಸೇರಿದ್ದು ನೋಡಿ ಅವರ ಮುಖ ಬಾಡಿತು.

"ಅಮಾನತಿನ್ಯಾಗ ಇದ್ದಾಕಿ ರೋಗೀನ್ನ ಮುಟ್ಟಿದ್ಲು. ಇಷ್ಟು ಮಂದಿ ನೋಡ್ಯಾರ. ನಾಳೆ ಯಾರರ ಅರ್ಜಿ ಹಾಕಿದ್ರ ನನ್ನ ಕುತ್ತಿಗಿಗೆ ಬರ್ತೈತಿ. ಇದನ್ನೂ ವಿಚಾರಣಿಗೆ ಸೇರಸ್ರಿ. ಸದ್ಯಕ್ಕ ಮುಂದುವರಸ್ರಿ."

"ನನ್ನ ಜೀವಾ ಉಳಿಸ್ಯಾರ್ರೀ ಸರ," ಎಂದರು ಗುರುಪಾದಪ್ಪನವರು.

"ಅದನ್ನೆಲ್ಲಾ ಬರೀಬ್ಯಾಡ್ರಿ. ಸಿಕ್ಕಾ ಒತ್ತಿದ್ರ ಸಾಕು."

ಗುರುಪಾದಪ್ಪನವರು ನನ್ನನ್ನು ಎತ್ತಿಕೊಂಡರು. ಕೈ ಗಡಗಡ ನಡುಗುತ್ತಿತ್ತು. ಒಮ್ಮೆ ಕಾಗದದ ಆಚೆ ಬಿದ್ದೆ. ಅಲ್ಲೇ ಉರುಳಿ ಕಿಟಕಿಯಾಚೆ ಹೋಗಿಬಿಡಬಾರದಿತ್ತೇ! ಆಗ ಬೆಚ್ಚಗಿನ ಇನ್ನೊಂದು ಕೈ ಅವರ ಕೈಯ ಮೇಲೆ ಬಂತು. ಉಗುರು ಮೋಟಾಗಿ ಕತ್ತರಿಸಿದ ಕೈ.

"ಇನ್ನಾ ನಡಗಾಕತ್ತೈತ್ರಿ ಅಣ್ಣಾರ. ಸಾವಕಾಶ," ಎಂದರು ಸಿಸ್ಟರು, ರೋಗಿಗೆ ಹೇಳುವ ಹಾಗೆಯೇ.

ಇಬ್ಬರೂ ಸೇರಿ ಒತ್ತಿದರು. ಅಷ್ಟು ಸ್ಪಷ್ಟವಾಗಿ ನಾನು ಎಂದೂ ಮೂಡಿರಲಿಲ್ಲ. ನೆನೆದರೆ ಇಂದಿಗೂ ನಾಚಿಕೆಯಿಂದ ಕುಗ್ಗಿಹೋಗುತ್ತೇನೆ.

ಆ ಸಂಜೆ ಗುರುಪಾದಪ್ಪನವರು ನನ್ನನ್ನು ಜೇಬಿಗಿಳಿಸಿ ಮನೆಗೆ ತಂದರು. ಕಚೇರಿಯಲ್ಲಿ ಸಿಕ್ಕಾ ಕಳೆದುಹೋಯಿತೆಂದು ಹೇಳಿದರು. ಅಲ್ಲಿ ನನ್ನಂಥದೇ ಇನ್ನೊಂದು ಬಂತು, ಕೆಲಸವೇನೂ ನಿಲ್ಲಲಿಲ್ಲ.

ಈಗ ಅವರ ಗುಳಿಗೆ ಡಬ್ಬಿಯ ಪಕ್ಕ ನನ್ನ ಮುಪ್ಪು. ನನ್ನ ರಬ್ಬರು ಬಿರುಕು ಬಿಟ್ಟಿದೆ. ಜೊತೆಗೊಬ್ಬಳು ತಂಗಿ ಇದ್ದಾಳೆ. ಮೌಲಾಸಾಬರ ಅಂಗಡಿಯಲ್ಲೇ ಗುರುಪಾದಪ್ಪನವರು ಮಾಡಿಸಿ ತಂದದ್ದು. ಅವಳ ಮೈಮೇಲಿನ ಸಾಲು: "ಕೆಲಸಕ್ಕೆ ಮರಳಿ ತೆಗೆದುಕೊಳ್ಳಲಾಗಿದೆ." ದಿನಾ ಬೆಳಿಗ್ಗೆ ಅವಳನ್ನು ಜೇಬಿಗೆ ಹಾಕಿಕೊಂಡು ಕಚೇರಿಗೆ ಹೋಗುತ್ತಾರೆ, ಸಂಜೆ ತಂದು ನನ್ನ ಪಕ್ಕ ಇಡುತ್ತಾರೆ. ನಾನು ಮೊದಲು ಅವಳ ಮುಖ ನೋಡುತ್ತೇನೆ.

ಇನ್ನೂ ಮಸಿ ತಾಗಿಲ್ಲ.